ಫ್ರಿಜ್ಜು ಸೀತವ್ವನದು ಎಂಬ ಬಗ್ಗೆ

ಇಂದ,
ಶಂಕ್ರೆವ್ವ, ಸಾಕಿನ್ ಅಗರಖೇಡ, ತಾಲೂಕು ಇಂಡಿ.
(ಹೇಳಿದಾಕಿ ಶಂಕ್ರೆವ್ವ. ಬರೆದಾಂವ ತಹಶೀಲ್ ಕಚೇರಿ ಎದುರು ಬೇವಿನ ಗಿಡದ ಬುಡಕ್ಕೆ ಕುಂಡ್ರುವ ಯಲ್ಲಾಲಿಂಗ.)

ಗೆ,
ಮಾನ್ಯ ಕಾರ್ಯದರ್ಶಿಗಳು,
ನಾಲ್ಕು ತಾಲೂಕು ವಿದ್ಯಾನಿಧಿ
(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ).

ವಿಷಯ: ಆರ್ಕಿಟೆಕ್ಚರ್ ಓದುವ ಮಗಳು ಸುವರ್ಣಾಳ ವಿದ್ಯಾರ್ಥಿವೇತನವನ್ನು "ಅನುಕೂಲಸ್ಥರು" ಎಂದು ನಿಲ್ಲಿಸಿದ್ದನ್ನು ತಿರುಗಿ ಚಾಲೂ ಮಾಡುವ ಬಗ್ಗೆ.

ಉಲ್ಲೇಖ: 1. ತಮ್ಮ ನಿರಾಕರಣೆ ಪತ್ರ.
2. ತಮ್ಮ ಪರಿಶೀಲಕರಾದ ಶ್ರೀ ಸಂಜೀವಕುಮಾರ ಅವರು ಅರ್ಜಿದಾರಳ ಮನೆಯಲ್ಲಿ ಎರಡು ಸಲ ನೀಡಿಸಿಕೊಂಡು ತಿಂದ ಉಪ್ಪಿಟ್ಟು.

ಮಾನ್ಯರೇ,

ಸದರಿ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಪ್ಪು ಆಗೇತಿ. ಸಾಹುಕಾರಕಿ ಮುಚ್ಚಿಟ್ಟು ನೆರವು ಹೊಡೆಯುವ ಮಂದಿಯನ್ನು ತಾವು ಬೇಕಾದಷ್ಟು ನೋಡಿದ್ದೀರಿ. ಈಕೆ ಬಡತನ ಮುಚ್ಚಿಟ್ಟಾಳ. ಇದು ತಿರುವುಮುರುವು ಕೇಸು ಆದ ಕಾರಣ ಸ್ವಲ್ಪ ಉದ್ದ ಬರೆಯಬೇಕಾಗಿದೆ.

1. ಸುವರ್ಣಾ ಮೊದಲನೇ ವರ್ಷ ಪಾಸಾಗಿದ್ದಾಳೆ. ಎರಡನೇ ವರ್ಷಕ್ಕೆ ಹೆಸರು ಹಚ್ಚಲು ಇದೇ ತಿಂಗಳ ಇಪ್ಪತ್ತೈದು ಕೊನೆ. ಅರ್ಜಿದಾರಳು ಮಂದಿ ತೋಟದಾಗ ಲಿಂಬಿಕಾಯಿ ಆರಿಸುವಾಕಿ. ನಿಧಿ ಕೈಬಿಟ್ಟರೆ ಹುಡುಗಿಯೂ ಬುಟ್ಟಿ ಹಿಡಿಯಬೇಕಾಗುತ್ತದೆ.

2. ಮನೆ ಎಂಬುದು ಹತ್ತು ಬೈ ಹನ್ನೆರಡರ ಒಂದೇ ಖೋಲಿ. ಕಾಲೇಜಿನವರು "ನಿಮ್ಮ ಮನೆಯನ್ನೇ ಸುಧಾರಿಸಿ ತೋರಿಸಿ" ಎಂದಿದ್ದರು. ಹುಡುಗಿ ಕಾಲೇಜಿನ ಸೂಟಿಗೆ ಊರಿಗೆ ಬಂದವಳೇ ಗಡಿಗಿ ಸಾಲು ಕಿತ್ತು ಮೂಲಿಗೆ ತಳ್ಳಿದಳು. ಮಾಳಿಗಿಯಲ್ಲಿ ಅಜ್ಜನ ಕಾಲಕ್ಕೇ ಮುಚ್ಚಿಹೋಗಿದ್ದ ಬೆಳಕಿಂಡಿ ತೆಗೆದು ಗಾಜು ಕೂಡಿಸಿದಳು, ಗ್ವಾಡಿಗೆ ಸುಣ್ಣ ಹೊಡೆದಳು. ಅದೇ ಖೋಲಿ ಎರಡರಷ್ಟು ಕಾಣಾಕ ಹತ್ತಿತು. ಅವತ್ತು ಶಂಕ್ರೆವ್ವ ತನ್ನ ಮನಿಯಾಗ ತಾನೇ ಬೀಗರಂಗ ಕುಂತಿದ್ದಳು.

3. ಹೀಗಿರುವಾಗ ತಮ್ಮಿಂದ "ಮನೆ ನೋಡಲು ಬರುತ್ತೇವೆ" ಎಂಬ ಕಾಗದ ಬಂತು. ನಮ್ಮ ಕಡೆ ಮನಿ ನೋಡಾಕ ಬರೋರು ಬೀಗರಾಗೋರು. ಅಂಥವರು ಬಂದಾಗ ಇಡೀ ಓಣಿ ಕೂಡಿ ಒಂದು ಮನಿ ತುಂಬಿಸೋದು ವಾಡಿಕಿ. ಇಂದು ನಿಮಗ, ನಾಳೆ ನಮಗ. ಕಾರಣ, ಮಲಿಕಸಾಬನ ಎರಡು ಖುರ್ಚಿ, ರೇವಣಪ್ಪನ ತಿಜೂರಿ, ಸೀತವ್ವನ ಫ್ರಿಜ್ಜು ಬಂದು ನಿಂತವು. ಫ್ರಿಜ್ಜನ್ನು ನಾಲ್ಕು ಮಂದಿ ಹೊತ್ತು ತಂದರು. ಅದಕ್ಕೆ ಬೇಕಾದ ಪ್ಲಗ್ಗು ಈ ಮನೆಯಲ್ಲಿಲ್ಲ.

"ಯವ್ವಾ, ನಾವು ಬಡವರೋ ಅಲ್ಲೋ ಅಂತ ನೋಡಾಕ ಬರಾಕತ್ತಾರ" ಎಂದು ಸುವರ್ಣಾ ತಿಳಿಸಿ ಹೇಳಿದ್ದುಂಟು.

"ನೋಡ್ಲಿ. ಅದಕ್ಕಂತ ಬಂದವ್ರನ್ನ ನೆಲಕ್ಕ ಕುಂಡ್ರಸಲೇನು?" ಎಂದಳು ಅರ್ಜಿದಾರಳು.

4. ಸಂಜೀವಕುಮಾರ ಸಾಹೇಬರು ಬಂದರು, ತಿಂದರು, ನೀರು ಕೇಳಿದರು. ಶಂಕ್ರೆವ್ವ ಮಣ್ಣಿನ ಹರವಿಯಿಂದ ಕೊಟ್ಟಳು.

"ಫ್ರಿಜ್ಜಿನಾಗಿನ ನೀರು ಇಲ್ಲೇನ್ರಿ?"

"ನೆಗಡಿ ಆಗ್ತೈತ್ರಿ ಸಾಹೇಬ್ರ."

ವರದಿಯಲ್ಲಿ ಅವರು ಬರೆದದ್ದು: "ಮನೆ ವಿಶಾಲವಾಗಿದ್ದು, ಬೆಳಕು ಧಾರಾಳವಾಗಿದೆ. ತಿಜೂರಿ, ಫ್ರಿಜ್ಜು ಕಂಡುಬಂದವು. ನೆರವಿನ ಅಗತ್ಯವಿಲ್ಲ." ಅಂದರ ಹುಡುಗಿ ಚಲೋ ಕಲಿತಾಳ ಅಂತ ಖಾತ್ರಿ ಆತು, ಆದ್ದರಿಂದ ಕಲಿಯೂದು ಬಂದ್ ಮಾಡಿದರು. ಇದಕ್ಕೆ ಏನನ್ನಬೇಕೋ ತಾವೇ ಹೇಳ್ರಿ.

5. ಸದರಿ ಸಾಹೇಬರು ಅವತ್ತು ಏಳುವ ಮುಂಚೆ ಬೆಳಕಿಂಡಿಯನ್ನು ಮತ್ತೊಮ್ಮೆ ನೋಡಿ, "ತಂಗಿ, ಮುದ್ದೇಬಿಹಾಳದಾಗ ನಮ್ದೊಂದು ಮನಿ ಕಟ್ಟಸಾಕತ್ತೇನಿ. ಹಿಂಗ ಬೆಳಕು ಬೀಳೂವಂಥಾ ನಕ್ಷಾ ತಗದು ಕೊಡವಾ" ಎಂದರು. ಸುವರ್ಣಾ ನಾಲ್ಕು ದಿನ ಬಗ್ಗಿದ ಕತ್ತು ಎತ್ತದೆ ತೆಗೆದು ಕೊಟ್ಟಳು. ಕೆಳಗ ಮೂರು ಖೋಲಿ, ಮ್ಯಾಲ ಎರಡು. ಪಾಯಾ ಪೂಜೆ ಮುಗಿದು ಗ್ವಾಡಿ ಎದಿಮಟ ಬಂದಾವಂತ.

6. ಇಷ್ಟು ಬರೆದ ಮೇಲೆ "ಅರ್ಜಿದಾರಳು ಕಡುಬಡವಳಿದ್ದು" ಎಂಬ ಸಾಲು ಹಾಕುವುದು ಯಲ್ಲಾಲಿಂಗನ ಮೂವತ್ತು ವರ್ಷದ ರೂಢಿ. ಓದಿ ಹೇಳಿದ್ದೇ ತಡ, ಶಂಕ್ರೆವ್ವ ಕಾಗದದ ಮೇಲೆ ಕೈ ಇಟ್ಟಳು.

"ಅದನ್ನ ಹೊಡದ್ ಹಾಕು."

"ಅದಿಲ್ದ ಅರ್ಜಿ ನಡಿಯಾಂಗಿಲ್ಲ ಬೇ."

"ಗತಿಗೆಟ್ಟಾಕಿ ಮಗಳು ಅಂತ ಕಾಗದಕ್ಕ ಬಿದ್ರ, ನಾಳೆ ಆಕಿ ಕಡೆ ಮನಿ ಕಟ್ಟಸಾಕ ಯಾರು ಬರ್ತಾರ? ಒಂದ ಖೋಲಿ ಐತಿ ಅಂತ ಬರಿ. ಅದು ಖರೇ."

ಹೇಳುತ್ತಲೇ ಆಕೆಗೆ ಅಳು ಬಂತು, ಫ್ರಿಜ್ಜು ತರಿಸಿದ ನನ್ನ ಕೈ ಸುಡ್ಲಿ ಎಂದಳು. ಸದರಿ ಸಾಲನ್ನು ಹೊಡೆದು ಹಾಕಲಾಗಿದೆ. ಒಂದು ಖೋಲಿ ಇದೆ.

ಆದ್ದರಿಂದ, ಮೇಲಿನ ಸಕಲ ಕಾರಣಗಳ ಕಾರಣ, ಇಪ್ಪತ್ತೈದರ ಒಳಗೆ ವಿದ್ಯಾರ್ಥಿವೇತನ ಮಂಜೂರು ಮಾಡಬೇಕು. ಮನೆಯನ್ನು ತಿರುಗಿ ನೋಡುವುದಿದ್ದರೆ ಹೇಳದೆ ಬರಬೇಕು. ಹೇಳಿ ಬಂದರೆ ಫ್ರಿಜ್ಜು ಮತ್ತೆ ಬರುತ್ತದೆ. ಶಂಕ್ರೆವ್ವನನ್ನು ತಡೆಯುವುದು ಯಾರ ಕೈಯಲ್ಲೂ ಆಗುವ ಮಾತಲ್ಲ.

ಇಪ್ಪತ್ತೈದನೇ ತಾರೀಖಿನ ತನಕ
ತಮ್ಮ ವಿಶ್ವಾಸಿ,
ಶಂಕ್ರೆವ್ವ (ಹೆಬ್ಬೆಟ್ಟಲ್ಲ, ಮಗಳು ಕಲಿಸಿದ ಸಹಿ)

ಲಗತ್ತುಗಳು:
ಅ) ಫ್ರಿಜ್ಜು ತನ್ನದೆಂದು ಸೀತವ್ವ ಬರೆದುಕೊಟ್ಟ ಕಾಗದ. ಮಲಿಕಸಾಬ ಖುರ್ಚಿ, ರೇವಣಪ್ಪ ತಿಜೂರಿ ತಮ್ಮದೆಂದು ಬಾಯಿಂದ ಹೇಳುತ್ತಾರೆ, ಕಾಗದಕ್ಕೆ ಕೈ ಹಚ್ಚುವುದಿಲ್ಲ.
ಆ) ಸುವರ್ಣಾಳ ಅಂಕಪಟ್ಟಿ.
ಇ) ಪರಿಶೀಲಕರ ಮುದ್ದೇಬಿಹಾಳದ ಮನೆಯ ನಕ್ಷೆ, ಒಂದು ಪ್ರತಿ.

ವಿಶೇಷ ಸೂಚನೆ: ಲಗತ್ತು ಇ ರಲ್ಲಿ ಮೇಲಿನ ಎರಡು ಖೋಲಿಗೆ ಹೋಗುವ ಮೆಟ್ಟಿಲು ಕಾಣುವುದಿಲ್ಲ. ಜಾಗ ಬಿಟ್ಟಿದೆ. ಮೆಟ್ಟಿಲಿನ ನಕ್ಷೆ ತೆಗೆಯುವುದನ್ನು ಎರಡನೇ ವರ್ಷದಲ್ಲಿ ಕಲಿಸುತ್ತಾರೆ. ಈ ಸಂಗತಿಯನ್ನು ಸಂಜೀವಕುಮಾರ ಸಾಹೇಬರ ಗಮನಕ್ಕೂ ತರಬೇಕಾಗಿ ವಿನಂತಿ.