ಮೊದಲು ಲೈನು, ಆಮೇಲೆ ಹುಡುಗ

ಟೊರಾಂಟೊ ಸುತ್ತಮುತ್ತಲಿನ ಕನ್ನಡದವರಲ್ಲಿ ಕ್ರಿಕೆಟ್ ನೋಡುವವರು ಮನೆಮನೆಗೂ ಇದ್ದರು, ಐಸ್ ಹಾಕಿ ನೋಡುವವರು ಬೀದಿಗೊಬ್ಬರು ಇದ್ದರು. ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡವಳು ನಾನೊಬ್ಬಳೇ ಅಂತ ಕಾಣುತ್ತದೆ. ಬರೀ ನೋಡಿ ಸುಮ್ಮನಿರುವವಳಾಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ತಂಡ ಹೇಗೆ ಕಟ್ಟಬೇಕು ಅನ್ನುವುದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯವಿತ್ತು. ಅಭಿಪ್ರಾಯ ಇದ್ದವರ ಬಾಯಿ ಸುಮ್ಮನಿರುವುದಿಲ್ಲ, ಬಾಯಿ ಸುಮ್ಮನಿರದ ಕಡೆ ಏನಾದರೊಂದು ಆಗದೆ ಇರುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡನ್ನು ಕೈಗೆ ತೆಗೆದುಕೊಂಡು ಯಾರಿಗೆ ಎಸೆಯಬೇಕು ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ ಮಾಡುವವನು. ಎದುರಾಳಿಗಳು ಅವನನ್ನು ಕೆಡವಲು ಗೂಳಿಗಳ ಹಾಗೆ ನುಗ್ಗಿ ಬರುತ್ತಾರೆ. ಅವರನ್ನು ತಡೆಯಲು ಅವನ ಮುಂದೆ ಗೋಡೆಯ ಹಾಗೆ ನಿಲ್ಲುವ ದಢೂತಿ ಆಳುಗಳಿಗೆ ಲೈನು ಅಂತ ಹೆಸರು. ಲೈನು ಗಟ್ಟಿ ಇಲ್ಲದ ತಂಡಕ್ಕೆ ಕಾಲೇಜಿನಿಂದ ಈಗಷ್ಟೇ ಬಂದ ಹುಡುಗನನ್ನು ಕ್ವಾರ್ಟರ್‌ಬ್ಯಾಕ್ ಮಾಡಿ, ನಾಲ್ಕು ಪಂದ್ಯ ಸೋತ ಕೂಡಲೆ ಅವನನ್ನು ಬೆಂಚಿಗೆ ಅಟ್ಟುವುದು ನಾನು ಕಂಡ ದೊಡ್ಡ ಅನ್ಯಾಯ. ಮದುವೆಯಾಗಿ ಬಂದ ಮರುದಿನವೇ ಹೊಸ ಸೊಸೆಯ ತಲೆಗೆ ಊರಿಗೆಲ್ಲಾ ಹಬ್ಬದಡುಗೆ ಕಟ್ಟಿ, ಸಾರಿಗೆ ಉಪ್ಪು ಕಮ್ಮಿ ಅಂತ ತವರಿಗೆ ಕಳಿಸಿದ ಹಾಗೆ. ಮೊದಲು ಲೈನು, ಆಮೇಲೆ ಹುಡುಗ. ನಿಲ್ಲಿಸಿದ ಮೇಲೆ ಅವನನ್ನು ಅಲ್ಲಾಡಿಸಬಾರದು. ಇದು ನನ್ನ ಸಿದ್ಧಾಂತ. ಇದಕ್ಕಾಗಿ ನಾನು ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಂತಿದ್ದೇನೆ.

ಮಹಡಿಯ ಮೇಲಿನ ಗಲಾಟೆ

ತೊಂಬತ್ತರ ದಶಕದ ಶುರುವಿನಲ್ಲಿ ನಾವು ಸ್ಕಾರ್‌ಬರೋದಲ್ಲಿ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ನಾನು ಮೈಸೂರಿನವಳು, ನಮ್ಮ ಯಜಮಾನರು ಧಾರವಾಡದವರು. ಮೇಲೆ ಮನೆ ಮಾಲೀಕ ಮತ್ತು ಅವನ ಹೆಂಡತಿ, ಇಬ್ಬರೂ ವಯಸ್ಸಾದವರು. ವಾರವಿಡೀ ಬೆಕ್ಕಿನ ಹಾಗೆ ಇರುತ್ತಿದ್ದ ಮನುಷ್ಯ ಭಾನುವಾರ ಮಧ್ಯಾಹ್ನವಾದರೆ ಕೂಗಾಡುತ್ತಿದ್ದ. "ಕೊಂದೇಬಿಟ್ಟರು! ಆ ಮಗುವನ್ನು ಕೊಂದೇಬಿಟ್ಟರು!" ನೆಲ ಧಡಧಡ ಅನ್ನುತ್ತಿತ್ತು.

"ರೀ, ಮೇಲೆ ಹೋಗಿ ನೋಡಿ, ಪಾಪ ಆ ಹೆಂಗಸು," ಅಂದೆ.

"ಗಂಡ ಹೆಂಡತಿ ಜಗಳಾ ಅದ. ನಾವ್ಯಾಕ ನಡುವ ಹೋಗೂದು? ನಾಳೆ ಮನಿ ಬಿಡ್ರಿ ಅಂದ್ರ ಎಲ್ಲಿಗೆ ಹೋಗೋಣು?" ಅಂದರು ಇವರು.

ನಾನೇ ಹೋದೆ. ಬಾಗಿಲು ತೆರೆದಿತ್ತು. ಗಂಡ ಹೆಂಡತಿ ಒಂದೇ ಕಂಬಳಿ ಹೊದ್ದು ಒಂದೇ ಸೋಫಾದ ಮೇಲೆ ಕೂತು ಟೀವಿ ನೋಡುತ್ತಿದ್ದರು. ನೆಲ ಧಡಧಡ ಅನ್ನಿಸುತ್ತಿದ್ದವಳು ಹೆಂಡತಿ. ಆಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೈಗೆ ಕಾಫಿ ಕೊಟ್ಟು, ಗಡಿಯಾಚೆಯ ತಂಡದ ಆ ಎಳೆ ಹುಡುಗ ಯಾಕೆ ಪದೇ ಪದೇ ನೆಲಕ್ಕೆ ಬೀಳುತ್ತಿದ್ದಾನೆ ಅಂತ ವಿವರಿಸಿದಳು. "ನೋಡು, ಅವನ ಮುಂದೆ ಯಾರೂ ಇಲ್ಲ." ನೋಡಿದೆ. ನಿಜವಾಗಿಯೂ ಯಾರೂ ಇರಲಿಲ್ಲ. ಕಾಫಿ ಕುಡಿಯುವುದನ್ನೇ ಮರೆತೆ.

ಒಂದೆರಡು ತಿಂಗಳು ಕಳೆದಿರಬೇಕು. ಇವರು ಭಾನುವಾರದ ಶಿಫ್ಟ್ ಮುಗಿಸಿ ಮನೆಗೆ ಬಂದಾಗ ಮೇಲೆ ಎಂದಿಗಿಂತ ಜೋರು ಗಲಾಟೆ. ಮೆಟ್ಟಿಲ ಹತ್ತಿರ ಮಾಲೀಕ ಕಸದ ಚೀಲ ಹಿಡಿದು ನಿಂತಿದ್ದನಂತೆ.

"ಎಲ್ಲಾ ಆರಾಮ ಅದ ಏನು?" ಅಂತ ಇವರು ಇಂಗ್ಲಿಷಿನಲ್ಲಿ ಗಾಬರಿಯಿಂದ ಕೇಳಿದರು.

ಮಾಲೀಕ ಇವರ ಭುಜ ತಟ್ಟಿ ಹೇಳಿದ: "ನಾನು ನಿಮ್ಮ ಗಂಡ ಹೆಂಡತಿ ವಿಷಯಕ್ಕೆ ಬರೋನಲ್ಲಪ್ಪ. ಆದರೆ ಒಳಗೆ ಕೂಗ್ತಾ ಇರೋಳು ನಿನ್ನ ಹೆಂಡತಿ."

ಲೈನು ಇತ್ತಲ್ಲಮ್ಮ

ಮಿಸಿಸಾಗಕ್ಕೆ ಮನೆ ಬದಲಾಯಿಸಿದ ಮೇಲೆ ಅಲ್ಲಿನ ಕನ್ನಡದವರ ಗುಂಪೊಂದಕ್ಕೆ ಸೇರಿದೆವು. ಒಂದು ವರ್ಷ ಹಿರಿಯರೆಲ್ಲ "ಯುವಕರು ಮುಂದೆ ಬರಬೇಕು" ಅಂತ ಭಾಷಣ ಮಾಡಿ, ಮೈಸೂರಿನಿಂದ ಆಗಷ್ಟೇ ಬಂದಿದ್ದ ಒಬ್ಬ ಹುಡುಗನನ್ನು ಕಾರ್ಯದರ್ಶಿ ಮಾಡಿದರು. ಆಮೇಲೆ ಎಲ್ಲರೂ ಹಿಂದೆ ಸರಿದರು. ದೀಪಾವಳಿಗೆ ಶಾಲೆಯ ಹಾಲ್ ಗೊತ್ತುಮಾಡಿದವನು ಅವನೇ, ಮೈಕ್ ಜೋಡಿಸಿದವನು ಅವನೇ, ಬಿಸಿಬೇಳೆ ಬಾತಿನ ಕೊಳದಪ್ಪಲೆ ಹೊತ್ತವನೂ ಅವನೇ. ಊಟ ತಡವಾಯಿತು, ಬಾತು ತಣ್ಣಗಾಯಿತು, ಕೊನೆಯವರಿಗೆ ತಳ ಹತ್ತಿದ್ದು ಸಿಕ್ಕಿತು.

ಮುಂದಿನ ಸಭೆಯಲ್ಲಿ ಅವನನ್ನು ತೆಗೆಯಬೇಕು ಅಂತ ಗೊತ್ತುವಳಿ ಬಂತು. ಹುಡುಗ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನ ಮುಖ ನೋಡಿ ನನಗೆ ಟೀವಿಯಲ್ಲಿ ಮಣ್ಣು ಒರೆಸಿಕೊಂಡು ಏಳುವ ಕ್ವಾರ್ಟರ್‌ಬ್ಯಾಕುಗಳೆಲ್ಲ ನೆನಪಾದರು. ಎದ್ದು ನಿಂತೆ.

"ತಪ್ಪು ಹುಡುಗನದಲ್ಲ. ತಂಡ ಕಟ್ಟಿದವರದು. ಒಬ್ಬನ್ನೇ ಮೈದಾನಕ್ಕೆ ತಳ್ಳಿ ನೀವೆಲ್ಲ ಕೂತು ನೋಡಿದ್ರಿ. ಎದೆ ಮುಟ್ಟಿಕೊಂಡು ಹೇಳಿ, ಅವತ್ತು ಇವನ ಮುಂದೆ ಒಂದು ಲೈನಾದ್ರೂ ಇತ್ತಾ?"

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ನಿಧಾನಕ್ಕೆ ಎದ್ದರು.

"ಇತ್ತಲ್ಲಮ್ಮ! ಪಾರ್ಕಿಂಗ್ ಲಾಟ್ ತನಕ ಇತ್ತು. ಕೊನೇಲಿ ನಿಂತಿದ್ದೋನು ನಾನೇ."

ಸಭೆ ಎಷ್ಟು ನಕ್ಕಿತು ಅಂದರೆ ಗೊತ್ತುವಳಿ ಅಲ್ಲೇ ಬಿದ್ದುಹೋಯಿತು. ನಾನು ಬಿಡಲಿಲ್ಲ. ನಗುತ್ತಿದ್ದವರಲ್ಲೇ ಗಟ್ಟಿಮುಟ್ಟಾದವರನ್ನು ಆರಿಸಿ ಯುಗಾದಿಯ ಅಡುಗೆಗೆ ಹೆಸರು ಬರೆಸಿದೆ. ಯುಗಾದಿಯ ದಿನ ಹೋಳಿಗೆ ಬಿಸಿಬಿಸಿಯಾಗಿಯೇ ಎಲೆಗೆ ಬಂತು. ಆ ಹಿರಿಯರು ಈ ಸಲ ಲೈನಿನಲ್ಲಿ ಮೊದಲು ನಿಂತಿದ್ದರು. "ತಂಡ ಕಟ್ಟೋದು ಅಂದ್ರೆ ಇದು," ಅಂದರು ಹೋಳಿಗೆ ಬಾಯಲ್ಲಿಟ್ಟುಕೊಂಡು.

ಬೀಳುವ ಆಟ

ನಾನಿದ್ದ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಬಿಲ್ಡಿಂಗ್ ಅಂತ ಒಂದು ದಿನ ಮಾಡುತ್ತಿದ್ದರು. ಹೊರಗಿನಿಂದ ಒಬ್ಬಾತ ಬಂದು ನಮ್ಮನ್ನೆಲ್ಲ ಹುಲ್ಲಿನ ಮೇಲೆ ನಿಲ್ಲಿಸಿ, "ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿ, ನಿಮ್ಮ ಸಹೋದ್ಯೋಗಿ ಹಿಡಿಯುತ್ತಾರೆ, ಅದೇ ನಂಬಿಕೆ," ಅಂದ.

"ಬಿದ್ದ ಮೇಲೆ ಹಿಡಿಯೋದು ಯಾಕೆ? ಬೀಳದ ಹಾಗೆ ಮುಂದೆ ನಿಂತು ತಡೆದ್ರೆ ಆಗಲ್ವಾ?" ಅಂದೆ.

ಅವನು ಕೈಯಲ್ಲಿದ್ದ ಕಾಗದ ತಿರುವಿ ನೋಡಿದ. "ಕಾರ್ಯಕ್ರಮದಲ್ಲಿ ಹಾಗಿಲ್ಲ," ಅಂದ.

ಆಗ ನಮ್ಮ ಗುಂಪಿನ ಲೀಡ್ ಆಗಿ ತೀರ ಚಿಕ್ಕ ವಯಸ್ಸಿನ ಒಬ್ಬಳನ್ನು ಹಾಕಿದ್ದರು. ಕೆಲಸ ಚುರುಕಾಗಿ ಬಲ್ಲವಳು. ಆದರೆ ಮೇಲಿನವರಿಂದ ಗಳಿಗೆಗೊಂದು ಹೊಸ ಬೇಡಿಕೆ ಬಂದು ಪ್ರಾಜೆಕ್ಟು ಹಿಂದೆ ಬಿದ್ದಿತ್ತು. ಅವಳನ್ನು ತೆಗೆಯುವ ಮಾತು ನಡೆದಿತ್ತು. ಅವಳು ಊಟದ ಹೊತ್ತಿನಲ್ಲಿ ಕಾರಿನೊಳಗೆ ಕೂತು ಅಳುವುದನ್ನು ನಾನೇ ಕಂಡಿದ್ದೆ. ಮರುದಿನದಿಂದ ನಾನು ಅವಳ ಕೋಣೆಯ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡೆ. ಯಾರೇ ಹೊಸ ಬೇಡಿಕೆ ತಂದರೂ ಮೊದಲು ನನ್ನನ್ನು ದಾಟಬೇಕು. "ಏನು? ಯಾಕೆ? ಯಾರು ಹೇಳಿದ್ರು? ಮುಂದಿನ ತಿಂಗಳು ಬನ್ನಿ." ನಮ್ಮ ಡೈರೆಕ್ಟರನ್ನೇ ಎರಡು ಸಲ ವಾಪಸ್ಸು ಕಳಿಸಿದೆ. ಪ್ರಾಜೆಕ್ಟು ಹೇಳಿದ ದಿನಕ್ಕೆ ಮುಗಿಯಿತು, ಅವಳ ಕೆಲಸ ಉಳಿಯಿತು.

ವರ್ಷದ ಕೊನೆಗೆ ಡೈರೆಕ್ಟರ್ ನನ್ನನ್ನು ಕರೆದು ಗಂಭೀರವಾಗಿ ಹೇಳಿದ: "ನಿಮ್ಮ ಮೇಲೆ ಒಂದು ದೂರಿದೆ. ನೀವು ಎಲ್ಲರಿಗೂ ಅಡ್ಡ ನಿಲ್ತೀರಂತೆ."

ನಾನು ಎದ್ದು ಅವನ ಕೈ ಕುಲುಕಿದೆ. "ಥ್ಯಾಂಕ್ಸ್," ಅಂದೆ. "ಇಲ್ಲಿ ಯಾರೂ ಗಮನಿಸಿಲ್ಲ ಅಂದುಕೊಂಡಿದ್ದೆ."

ಮೂರು ವಿಸಲು

ಒಂದು ಶನಿವಾರ ಬೆಳಿಗ್ಗೆ ರೇಡಿಯೋದಲ್ಲಿ ಕ್ರೀಡೆಯ ಮಾತುಕತೆ ನಡೆದಿತ್ತು. ಕೇಳುಗರು ಫೋನ್ ಮಾಡಬಹುದು. ಗಡಿಯಾಚೆಯ ತಂಡದ ಹೊಸ ಕ್ವಾರ್ಟರ್‌ಬ್ಯಾಕನ್ನು ಬೆಂಚಿಗೆ ಕಳಿಸಿ, ಮುದುಕನೊಬ್ಬನನ್ನು ಕರೆತರಬೇಕು ಅಂತ ಫೋನ್ ಮಾಡಿದವರೆಲ್ಲ ಹೇಳುತ್ತಿದ್ದರು. ಕುಕ್ಕರಿನಲ್ಲಿ ಬೇಳೆ ಇಟ್ಟು ನಾನೂ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಕಾದ ಮೇಲೆ ಸಿಕ್ಕಿತು.

"ಮೇಡಂ, ಅಡುಗೆ ಕಾರ್ಯಕ್ರಮ ಬೇರೆ ಸ್ಟೇಷನ್ನಿನಲ್ಲಿ," ಅಂದ ನಿರೂಪಕ, ನನ್ನ ದನಿ ಕೇಳಿದ ಕೂಡಲೆ.

"ಗೊತ್ತು. ನಾನು ಫೋನ್ ಮಾಡಿದ್ದು ಆ ಹುಡುಗನ ಎಡಗಡೆ ನಿಲ್ಲೋ ಲೈನ್‌ಮನ್ ಬಗ್ಗೆ. ಅವನ ಕಾಲು ನಿಧಾನ. ಹುಡುಗ ಪ್ರತಿ ಸಲ ಬೀಳೋದು ಆ ಕಡೆಯಿಂದಲೇ. ನೀವು ಯಾರನ್ನೇ ತಂದು ನಿಲ್ಲಿಸಿ, ಅವನೂ ಬೀಳ್ತಾನೆ. ಮುದುಕನ್ನ ತಂದ್ರೆ ಬಿದ್ದೋನು ಏಳೋದೂ ಇಲ್ಲ."

ನಿರೂಪಕ ದನಿ ತಗ್ಗಿಸಿದ. "ಮೇಡಂ, ನೀವು ಆ ಹುಡುಗನ ತಾಯಿಯೇ?"

"ಅಲ್ಲ. ಆದರೆ ಅವನ ಪರವಾಗಿ ಯಾರಾದ್ರೂ ಮಾತಾಡಬೇಕಲ್ಲ."

ಸರಿಯಾಗಿ ಅದೇ ಹೊತ್ತಿಗೆ ಕುಕ್ಕರ್ ಕೂಗಿತು. ಟೊರಾಂಟೊದಿಂದ ಓಕ್‌ವಿಲ್ ತನಕ ಕಾರಿನಲ್ಲಿ ಹೋಗುವವರೆಲ್ಲ ಕೇಳಿಸಿಕೊಂಡಿರಬೇಕು.

"ಓಹೋ, ರೆಫರಿ ವಿಸಲ್ ಹಾಕಿದ್ರು! ಮೇಡಂ, ಆಟ ಮುಗೀತು," ಅಂತ ನಕ್ಕು ಫೋನ್ ಇಡಲು ಹೊರಟ.

"ಮುಗೀಲಿಲ್ಲ," ಅಂದೆ. "ಅದು ಒಂದನೇ ವಿಸಲು. ಬೇಳೆ ಬೇಯೋಕೆ ಇನ್ನೂ ಎರಡು ಬೇಕು. ಅಲ್ಲಿ ತನಕ ಮಾತಾಡಿ."

ಪಾಪ, ಮಾತಾಡಿದ.

ಎಡ, ಬಲ

ಮಗಳು ಹೈಸ್ಕೂಲಿಗೆ ಬಂದಾಗ ಅವಳ ಶಾಲೆಯಲ್ಲಿ ಹುಡುಗಿಯರಿಗೆ ಫ್ಲ್ಯಾಗ್ ಫುಟ್‌ಬಾಲ್ ಶುರುಮಾಡಿದರು. ಇದರಲ್ಲಿ ಕೆಡವುವ ಹಾಗಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಪಟ್ಟಿ ಕಿತ್ತರೆ ಸಾಕು. ಮಗಳು ಕ್ವಾರ್ಟರ್‌ಬ್ಯಾಕ್ ಆದಳು. ಎದುರಾಳಿಗಳಿಗೆ ಗೊತ್ತಾಗಬಾರದು ಅಂತ ತಂಡದವರಿಗೆ ಎರಡು ಕನ್ನಡ ಪದ ಕಲಿಸಿದ್ದಳು, ಎಡ ಮತ್ತು ಬಲ. "ಎಡ" ಅಂತ ಕೂಗಿದರೆ ಚೆಂಡು ಎಡಕ್ಕೆ ಹೋಗುತ್ತಿತ್ತು. ಮನೆಯಲ್ಲಿ ನಾನು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಮೈದಾನದಲ್ಲಿ ಕನ್ನಡ ಕೂಗುತ್ತಿದ್ದಳು! ಆ ವರ್ಷ ಒಂದೂ ಪಂದ್ಯ ಸೋತಿರಲಿಲ್ಲ.

ಕೊನೆಯ ಪಂದ್ಯಕ್ಕೆ ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರನ್ನೂ ಕರೆದುಕೊಂಡು ಹೋದೆವು. ಅವರಿಗೆ ಆಟ ತಿಳಿಯದು. ಶಾಲು ಹೊದ್ದು, ಮೊಮ್ಮಗಳನ್ನು ಕಣ್ತುಂಬ ನೋಡುತ್ತ ಕೂತಿದ್ದರು.

ಮಗಳು "ಎಡ!" ಅಂದಳು. ಎಸೆದಳು. ಎದುರಾಳಿ ಹುಡುಗಿಯೊಬ್ಬಳು ಮೊದಲೇ ಅಲ್ಲಿಗೆ ಓಡಿ ಚೆಂಡನ್ನು ಹಿಡಿದುಬಿಟ್ಟಳು. ಆಮೇಲೆ "ಬಲ!" ಅಂದಳು. ಅದೇ ಹುಡುಗಿ ಅಲ್ಲೂ ಹಾಜರು. ಈ ಸಲ ಓಡುತ್ತ ತನ್ನವರಿಗೆ ಏನೋ ಹೇಳಿ, ನಗುತ್ತ ನನ್ನ ಮಗಳ ಕಡೆ ತಿರುಗಿ ಸ್ಪಷ್ಟವಾಗಿ ಅಂದಳು: "ನಂಗೂ ಕನ್ನಡ ಬರತ್ತೆ!"

ಪಕ್ಕದಲ್ಲಿ ಅತ್ತೆ ಚಪ್ಪಾಳೆ ಹೊಡೆಯುತ್ತಿದ್ದರು. "ಎಷ್ಟು ಚಂದ ಮಾತಾಡ್ತದ ನೋಡ ಆ ಕೂಸು! ಯಾರ ಮನಿದು?"

"ಅತ್ತೆ, ಅದು ಆ ಕಡೆಯವರ ತಂಡ!"

"ಇರ್ಲಿ ಬಿಡವಾ, ಕನ್ನಡದ ಕೂಸು."

ಕೋಚ್ ಇನ್ನೊಬ್ಬ ಹುಡುಗಿಗೆ ಸಿದ್ಧವಾಗು ಅಂತ ಸನ್ನೆ ಮಾಡಿದಳು. ನಾನು ಮೆಟ್ಟಿಲಿಳಿದು ಗೆರೆಯ ಹತ್ತಿರ ಹೋದೆ. "ಅವಳ ತಾಯಿ ಅಂತ ಹೇಳ್ತಿಲ್ಲ. ನನ್ನ ಮಗಳಲ್ಲದಿದ್ದರೂ ಇದೇ ಹೇಳ್ತಿದ್ದೆ. ಎರಡು ತಪ್ಪಿಗೆ ಎಳೆಯರನ್ನ ತೆಗೀಬಾರದು."

"ಅಮ್ಮಾ, ಪ್ಲೀಸ್ ಗೋ ಸಿಟ್ ಡೌನ್!" ಅಂತ ಮೈದಾನದ ಮಧ್ಯದಿಂದ ಮಗಳು ಕಿರುಚಿದಳು. ಅವಳ ಮುಖ ಕೆಂಪಾಗಿತ್ತು, ಆದರೆ ದವಡೆ ಬಿಗಿದಿತ್ತು. ಕೋಚ್ ಅದನ್ನು ನೋಡಿ, "ಇರಲಿ, ಅವಳೇ ಆಡಲಿ," ಅಂದಳು.

ಮಗಳು ಗೆಳತಿಯರನ್ನು ಗುಂಪು ಸೇರಿಸಿ ಪಿಸುಗುಟ್ಟಿದಳು. ಮುಂದಿನ ಸಲ "ಎಡ!" ಅಂತ ಕೂಗಿ ಚೆಂಡನ್ನು ಬಲಕ್ಕೆ ಎಸೆದಳು. ಕನ್ನಡದ ಹುಡುಗಿ ಎಡಕ್ಕೆ ಓಡಿ ಪೆಚ್ಚಾಗಿ ನಿಂತಳು. ಗೆಳತಿ ಚೆಂಡು ಹಿಡಿದು ಗೆರೆ ದಾಟಿದಳು, ಹಿಂದೆ ಬಿದ್ದಿದ್ದ ನಮ್ಮವರ ಅಂಕ ಸಮವಾಯಿತು. ನಾವೆಲ್ಲ ಎದ್ದು ಕುಣಿದೆವು. ಅತ್ತೆಯವರ ಮುಖ ಮಾತ್ರ ಬಾಡಿತ್ತು.

"ಅಲ್ಲ, ಇಷ್ಟು ದೊಡ್ಡಾಕಿ ಆಗ್ಯಾಳ, ಎಡಾ ಯಾವ್ದು ಬಲಾ ಯಾವ್ದು ತಿಳೀವಲ್ದಲ್ಲ! ಏನ್ ಕಲಿಸೀರಿ ನೀವು?"

ಕೊನೆಯ ಆಟ. ಇದರಲ್ಲಿ ಗೆದ್ದವರಿಗೆ ಕಪ್. ಮಗಳು ಮತ್ತೆ "ಎಡ!" ಅಂದಳು. ಇನ್ನೂ ಚೆಂಡು ಕೈಗೆ ಬಂದಿರಲಿಲ್ಲ. ಅತ್ತೆ ತಡೆಯಲಾರದೆ ಎದ್ದು ನಿಂತು, ಹೊಲದ ಆಚೆ ದಂಡೆಗೆ ಕೇಳುವಂಥ ದನಿಯಲ್ಲಿ ಕೂಗಿದರು: "ಏ ಕೂಸೇ! ನೀ ಆಗ ಒಗದಿದ್ದು ಎಡ ಅಲ್ಲ, ಬಲ! ಉಣ್ಣೂ ಕೈ ಬಲಾ! ಇನ್ನೊಂದು ಎಡಾ!"

ಮೈದಾನದಲ್ಲಿ ಆ ಮಾತು ಅರ್ಥವಾಗಿದ್ದು ಇಬ್ಬರಿಗೇ. ಎದುರಾಳಿ ಹುಡುಗಿ ಅಜ್ಜಿಯ ಕಡೆ ನೋಡಿದಳು, ಎಡ ಅಂದರೆ ಬಲ ಅನ್ನುವ ಗುಟ್ಟು ಸಿಕ್ಕಿತು ಅಂತ ನಕ್ಕಳು, ತನ್ನವರನ್ನೆಲ್ಲ ಕರೆದುಕೊಂಡು ಬಲಕ್ಕೆ ಧಾವಿಸಿದಳು. ನನ್ನ ಮಗಳು ಅದನ್ನು ಕಂಡಳು. ಒಂದು ಕ್ಷಣ ನಿಂತಳು. ಆಮೇಲೆ ಖಾಲಿ ಬಿದ್ದಿದ್ದ ಎಡಗಡೆಗೆ ಚೆಂಡನ್ನು ಮೆತ್ತಗೆ, ಪ್ರಸಾದ ಕೊಟ್ಟ ಹಾಗೆ, ಗೆಳತಿಯ ಕೈಗೆ ಎಸೆದಳು.

ಕೂಗು, ಶಿಳ್ಳೆ, ಕಣ್ಣೀರು. ಕೋಚ್ ಓಡಿ ಬಂದು ನನ್ನನ್ನೇ ತಬ್ಬಿಕೊಂಡಳು. ಈ ಗದ್ದಲದ ನಡುವೆ ಅತ್ತೆ ಶಾಲು ಸರಿಮಾಡಿಕೊಂಡು ನೆಮ್ಮದಿಯಿಂದ ಕೂತರು.

"ನೋಡಿದ್ಯಾ? ಒಮ್ಮೆ ತಿದ್ದಿ ಹೇಳಿದ್ದಕ್ಕ ಸರಿ ಎಡಕ್ಕ ಒಗದ್ಲು. ನೀವು ಇಷ್ಟ್ ವರ್ಷ ಯಾರೂ ಹೇಳೇ ಇಲ್ಲ."