ಹದಿನಾಲ್ಕು ಕಂಬ, ಮೂರು ಸೆನ್ಸರ್

ಆ ಸೆನ್ಸರ್‌ಗಳನ್ನು ನಾನು ಮೊದಲು ಕಂಡಿದ್ದು ಒಂದು ಶುಕ್ರವಾರ, ಮಧ್ಯಾಹ್ನದ ಊಟವಾದ ಮೇಲೆ. ನನ್ನ ತಂಗಿಯ ಮಗಳು ರೂಟಾ ಆಕ್ಲೆಂಡಿನಿಂದ ತಂದಿದ್ದಳು. ಮೂರು ಬಿಳಿ ಡಬ್ಬಿಗಳು, ಒಂದೊಂದಕ್ಕೂ ಒಂದೊಂದು ಕೆಂಪು ಕಣ್ಣು. ಎದುರಿಗೆ ಯಾರಾದರೂ ಅಲ್ಲಾಡಿದರೆ ಸಾಕು, ಕೂಗುತ್ತವಂತೆ! ನಾನು ಎದ್ದು ನಿಂತು ಅಲ್ಲೇ ಶಪಥ ಮಾಡಿದೆ: "ಈ ಭಾನುವಾರ ಪಾದ್ರಿಗಳ ಊಟದ ಬುಟ್ಟಿ ನಮ್ಮ ಮನೆಯಿಂದ ತುಂಬಿಕೊಂಡೇ ಹೋಗುತ್ತೆ. ಸೆಮಿಸಿಯ ಹಂದಿಯಲ್ಲ, ಅದರ ಅಜ್ಜಿ ಬಂದ್ರೂ ಮೂಸಿ ನೋಡೋಕಾಗಲ್ಲ!"

ಶಪಥಕ್ಕೆ ಕಾರಣವಿತ್ತು. ನಮ್ಮ ದ್ವೀಪದ ಊರಿನಲ್ಲಿ ಭಾನುವಾರದ ಊಟವನ್ನು ಪಾದ್ರಿಗಳ ಮನೆಗೆ ಕಳಿಸುವುದು ಸರದಿಯ ಕೆಲಸ. ಕಳೆದ ಸಲ ನನ್ನ ಸರದಿ ಬಂದಾಗ ಊರ ಹಿರಿಯ ಸೆಮಿಸಿಯ ಹೆಣ್ಣುಹಂದಿ ಒಳಗೆ ನುಗ್ಗಿ ಬುಟ್ಟಿಯನ್ನೇ ಮುಗಿಸಿತ್ತು. ನಾನು ಒಂದು ಡಬ್ಬಿ ಮೀನು ಹಿಡಿದುಕೊಂಡು ಪಾದ್ರಿಗಳ ಮೆಟ್ಟಿಲು ಹತ್ತಿದ್ದೆ. ಇನ್ನೊಮ್ಮೆ ಹಾಗಾದರೆ ಹೆಂಗಸರ ಸಂಘದಲ್ಲಿ ನನ್ನ ಚಾಪೆ ಹಿಂದಿನ ಸಾಲಿಗೆ ಹೋಗುವುದು ಖಂಡಿತ.

ರೂಟಾ ಡಬ್ಬಿಗಳ ಜೊತೆ ಬಂದಿದ್ದ ಕಾಗದ ಬಿಡಿಸಿ ಓದಿದಳು. "ದೊಡ್ಡಮ್ಮ, ಇದನ್ನ ಮನೆ ಬಾಗಿಲ ಹತ್ರ ಹಾಕಬೇಕಂತೆ."

ನನ್ನ ನಾದಿನಿ ಎಸೆಟಾ ಬೀಸಣಿಗೆ ನಿಲ್ಲಿಸಿದಳು. "ಯಾವ ಬಾಗಿಲು?"

ಮೂವರೂ ಸುತ್ತ ನೋಡಿದೆವು. ಹದಿನಾಲ್ಕು ಕಂಬ, ಮೇಲೊಂದು ಸೂರು. ಗೋಡೆಯಿಲ್ಲ, ಬಾಗಿಲಿಲ್ಲ. ಗಾಳಿ, ಕೋಳಿ, ನೆಂಟರು ಎಲ್ಲರೂ ತಮಗೆ ಬೇಕಾದ ಕಡೆಯಿಂದ ಬರುತ್ತಾರೆ.

"ಹದಿನಾಲ್ಕು ಬಾಗಿಲಿದಾವೆ ಅತ್ತಿಗೆ, ಡಬ್ಬಿ ಮೂರೇ," ಎಂದಳು ಎಸೆಟಾ. "ಮಿಕ್ಕ ಹನ್ನೊಂದಕ್ಕೆ ನೀನೇ ನಿಂತು ಕೂಗು."

ನಾನು ಅವಸರದವಳಲ್ಲ. ಕಾಗದದಲ್ಲಿ ಇದ್ದದ್ದನ್ನೆಲ್ಲ ಎರಡು ಸಲ ಓದಿಸಿಕೊಂಡೆ. ಒಲೆಯ ಕಡೆ ಮುಖ ಮಾಡಬಾರದು, ಬಿಸಿಗೆ ಮೋಸ ಹೋಗುತ್ತದೆ. ಅಲ್ಲಾಡುವ ಬಾಳೆಲೆಯ ಕಡೆಯೂ ಬೇಡ. ಬರುವವರು ಅದರ ಮುಂದೆ ಅಡ್ಡಲಾಗಿ ಹಾದುಹೋಗುವಂತಿರಬೇಕು. ಗೇಣು ಹಾಕಿ ಅಳೆದೆ. ನೆಲದಿಂದ ಹತ್ತು ಗೇಣು, ರಸ್ತೆಯ ಕಡೆಯ ಮೂರು ಕಂಬಗಳಿಗೆ ಮೂರು. ಹಂದಿ ಬರುವ ದಾರಿ ಅದೇ. ಒಂದು ಬೆರಳು ಓರೆಯಾಗಿದ್ದಕ್ಕೆ ನಡುವಿನದನ್ನು ಬಿಚ್ಚಿ ಮತ್ತೆ ಕಟ್ಟಿದೆ.

"ಈಗ ಧ್ವನಿ ತುಂಬು ದೊಡ್ಡಮ್ಮ. ಹಂದೀನ ಹೇಗೆ ಓಡಿಸ್ತೀಯೋ ಹಾಗೇ ಕೂಗು. ಮೂರಕ್ಕೂ ಅದೇ ಹೋಗುತ್ತೆ."

ನಾನು ಎದೆ ತುಂಬ ಉಸಿರೆಳೆದೆ. ರೂಟಾ ಗುಂಡಿ ಒತ್ತಿದಳು. ಸರಿಯಾಗಿ ಅದೇ ಗಳಿಗೆಗೆ ರಸ್ತೆಯಲ್ಲಿ ಸೆಮಿಸಿ ಹಾದುಹೋಗಬೇಕೇ! ದಾರಿಯಲ್ಲಿ ಹೋಗುವವರನ್ನು ಊಟಕ್ಕೆ ಕರೆಯದೆ ನಮ್ಮೂರಿನಲ್ಲಿ ಯಾವ ಹೆಂಗಸೂ ಬಾಯಿ ಮುಚ್ಚಿದ್ದಿಲ್ಲ. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ.

"ಬನ್ನಿ ಬನ್ನಿ! ಊಟ ಮಾಡ್ಕೊಂಡು ಹೋಗಿ!"

ಪೀಂ! ಮುಗಿಯಿತು. ಸೆಮಿಸಿ ಎಂದಿನಂತೆ "ಆಯ್ತು ತಾಯಿ, ನೀವು ಮಾಡಿ" ಎಂದು ನಡೆದೇಬಿಟ್ಟ. ರೂಟಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಹಡಗುಕಟ್ಟೆಯ ಬಸ್ಸು ಬಂತು. "ಅಳಿಸೋದು ಹೇಗಂತ ಫೋನಲ್ಲಿ ಹೇಳ್ತೀನಿ!" ಎಂದು ಓಡಿದಳು.

"ಬಿಚ್ಚಿಡು ಅತ್ತಿಗೆ," ಎಂದಳು ಎಸೆಟಾ.

"ಯಾಕೆ? ಹಂದಿಗೆ ಮಾತು ತಿಳಿಯುತ್ತಾ? ಸದ್ದಾದರೆ ಸಾಕು!"

ಶನಿವಾರ ಊರೆಲ್ಲ ತೋಟಕ್ಕೆ ಹೋಗಿ ರಸ್ತೆ ಖಾಲಿಯಿದ್ದಾಗ ಹಂದಿ ಬಂತು. ಮೂರು ಡಬ್ಬಿಗಳೂ ಒಟ್ಟಿಗೆ ಊಟಕ್ಕೆ ಕರೆದವು. ಹಂದಿ ತಾನು ಹುಟ್ಟಿದ ಮೇಲೆ ಇಂಥ ಮರ್ಯಾದೆ ಕಾಣದೆ ಬೆದರಿ ಓಡಿತು! ನಾನು ಸಂಜೆಯವರೆಗೂ ಕಂಬದಿಂದ ಕಂಬಕ್ಕೆ ರಾಣಿಯಂತೆ ಓಡಾಡಿದೆ.

ಭಾನುವಾರ ನಸುಕಿನಲ್ಲೇ ಕಲ್ಲು ಕಾಯಿಸಿ, ಅದರ ಮೇಲೆ ಅಡುಗೆ ಜೋಡಿಸಿ, ಎಲೆ ಹೊದಿಸಿ ಒಲೆ ಮುಚ್ಚಿದೆವು. ಕೆಸುವಿನ ಗೆಡ್ಡೆ, ದೀವಿಕಾಯಿ, ಎರಡು ದೊಡ್ಡ ಮೀನು, ತೆಂಗಿನ ಹಾಲು ತುಂಬಿದ ಕೆಸುವಿನೆಲೆಯ ಪೊಟ್ಟಣ ಇಪ್ಪತ್ತನಾಲ್ಕು. ಪ್ರಾರ್ಥನೆ ಮುಗಿದ ಕೂಡಲೇ ಅಡ್ಡದಾರಿಯಲ್ಲಿ ಓಡಿಬಂದು ಬುಟ್ಟಿ ತುಂಬುತ್ತಿದ್ದೆವು. ಅಷ್ಟರಲ್ಲಿ ಚರ್ಚಿಗೆಂದು ಬಿಳಿ ಬಟ್ಟೆ ಉಟ್ಟಿದ್ದ ಜನ ನಮ್ಮ ರಸ್ತೆಯಲ್ಲಿ ಮನೆಗೆ ಹೊರಟರು. ಎಲ್ಲರ ಮುಂದೆ ಸೆಮಿಸಿ, ಕೈಯಲ್ಲಿ ಕೋಲು.

"ಬನ್ನಿ ಬನ್ನಿ! ಊಟ ಮಾಡ್ಕೊಂಡು ಹೋಗಿ!" ಎಂದಿತು ಮೊದಲ ಕಂಬ.

"ಆಯ್ತು ತಾಯಿ, ನೀವು ಮಾಡಿ."

"ಬನ್ನಿ ಬನ್ನಿ!" ಎರಡನೆಯದು.

ಸೆಮಿಸಿ ನಿಂತ. ಮೂರನೆಯದೂ ಕರೆಯಿತು. ಒಮ್ಮೆ ಕರೆದರೆ ಉಪಚಾರ. ಮೂರು ಸಲ ಕರೆದ ಮೇಲೆ ಹೊರಟುಹೋದರೆ ಅದು ಜಗಳ. ಸೆಮಿಸಿ ಊರ ಸಭೆಯ ಮಾತುಗಾರ. ಕೋಲೂರಿ, ಗಂಟಲು ಸರಿಮಾಡಿಕೊಂಡು, ನನ್ನ ಗಂಡನ ವಂಶದಿಂದ ಶುರುಮಾಡಿ, ಮರ್ಯಾದೆಯಿಂದ ಊಟ ಬೇಡವೆನ್ನುವ ಭಾಷಣ ಬಿಗಿದ. ಕೋಲು ಎತ್ತಿದಾಗಲೆಲ್ಲ ಡಬ್ಬಿ ಕರೆಯುತ್ತಿತ್ತು. ಡಬ್ಬಿ ಕರೆದಾಗಲೆಲ್ಲ ಅವನ ಭಾಷಣ ಉದ್ದವಾಗುತ್ತಿತ್ತು!

"ನಿಲ್ಲಿಸು ಅದನ್ನ!" ಎಂದು ನಾನು ಪಿಸುಗುಟ್ಟಿದೆ.

"ಯಾರನ್ನ? ಡಬ್ಬೀನಾ, ಅವನನ್ನಾ?" ಎಂದಳು ಎಸೆಟಾ.

"ಕರೆದಿದ್ದು ಮೆಷಿನ್ನು ಅಂತ ಹೇಳಿಬಿಡಲಾ?"

"ಧ್ವನಿ ನಿಂದೇ. ಊಟಕ್ಕೆ ಕರೆದು ಇಲ್ಲ ಅಂದವಳು ಅಂತ ನಿನ್ನ ಗೋರಿ ಮೇಲೂ ಬರೀತಾರೆ."

"ಇಂಥ ಒತ್ತಾಯ ನಾನು ಜನ್ಮದಲ್ಲೇ ಕಂಡಿಲ್ಲ!" ಎಂದು ಸೆಮಿಸಿ ಸೋತು ಬಂದು ಚಾಪೆಯ ಮೇಲೆ ಕೂತ. ಹಿರಿಯರೇ ಕೂತ ಮೇಲೆ ಹಿಂದಿದ್ದವರು ಬಿಡುತ್ತಾರೆಯೇ? ಚರ್ಚಿನ ಹಾಡಿನ ತಂಡದ ಹತ್ತೊಂಬತ್ತು ಹೆಂಗಸರು ಬಂದರು. ಡಬ್ಬಿಗಳು ಒಬ್ಬೊಬ್ಬರನ್ನೂ ಮೂರು ಸಲ ಕರೆದವು, ಒಬ್ಬರನ್ನೂ ಬಿಡಲಿಲ್ಲ. ನನ್ನ ಅಳತೆ ಅಷ್ಟು ಕರಾರುವಾಕ್ಕಾಗಿತ್ತು! ಬಡಿಸಿದೆ. ನಗುತ್ತ ಬಡಿಸಿದೆ. ಪೊಟ್ಟಣಗಳು ಹೋದವು, ಮೀನು ಹೋಯಿತು, ಕೊನೆಗೆ ಬುಟ್ಟಿಗೇ ಕೈ ಹಾಕಿದೆ.

ಆಗ ಬಂದರು ಪಾದ್ರಿಗಳ ಹೆಂಡತಿ, ನಮ್ಮ ಪಾದ್ರಿಯಮ್ಮ. ಮೂರು ಕಂಬಗಳೂ ಅವರನ್ನು ಊಟಕ್ಕೆ ಕರೆದವು. ಅವರು ಮೀನಿನ ಮುಳ್ಳುಗಳನ್ನು ನೋಡಿದರು, ಬುಟ್ಟಿಯನ್ನು ನೋಡಿದರು. ಬುಟ್ಟಿಯಲ್ಲಿ ಅರ್ಧ ದೀವಿಕಾಯಿ ಇತ್ತು.

"ಲಾಂಗಿ, ಪಾದ್ರಿಗಳು ಹಸಿದು ಕೂತಿದಾರೆ."

ನಾನು ಎಲ್ಲವನ್ನೂ ಒಪ್ಪಿಕೊಂಡೆ, ಹಂದಿಯಿಂದ ಹಿಡಿದು ಗೇಣಿನವರೆಗೆ. ಚಾಪೆಯ ಮೇಲಿದ್ದ ಇಪ್ಪತ್ತು ಜನರೂ ಅಗಿಯುವುದನ್ನು ನಿಲ್ಲಿಸಿ ಕೇಳಿದರು. ಪಾದ್ರಿಯಮ್ಮ ನಗಲಿಲ್ಲ. ನಡುವಿನ ಡಬ್ಬಿಯನ್ನು ಬಿಚ್ಚಿಸಿಕೊಂಡು, ತಿರುಗಿಸಿ ನೋಡಿ, ಕೈಚೀಲಕ್ಕೆ ಹಾಕಿಕೊಂಡರು. "ಊರಲ್ಲಿ ಬಾಗಿಲಿರೋ ಮನೆ ನಮ್ಮದೊಂದೇ. ಇದು ಅಲ್ಲಿರಲಿ." ಅರ್ಧ ದೀವಿಕಾಯಿಯನ್ನೂ ಬಿಡಲಿಲ್ಲ.

ಆ ವಾರವೆಲ್ಲ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬುಧವಾರ ಎಸೆಟಾ ಪಾದ್ರಿಗಳ ಮನೆಯಿಂದ ನಗು ತಡೆಯಲು ಬಾಯಿಗೆ ಬೀಸಣಿಗೆ ಒತ್ತಿಕೊಂಡೇ ಬಂದಳು.

"ಡಬ್ಬಿಗೆ ಪಾದ್ರಿಯಮ್ಮ ತಮ್ಮ ಧ್ವನಿ ತುಂಬಿದಾರೆ ಅತ್ತಿಗೆ. ಯಾರೇ ಬಂದ್ರೂ ನಿನ್ನ ಹೆಸರು ಹಿಡಿದೇ ಕೇಳುತ್ತೆ. ಸೆಮಿಸೀನೂ ಕೇಳಿಸ್ಕೊಂಡು ಬಂದ."

"ಏನಂತ ಕೇಳುತ್ತೆ?"

"ನೀನೇ ಹೋಗಿ ಕೇಳಿಸ್ಕೊ."

ಭಾನುವಾರ ಸರದಿ ನನ್ನದಲ್ಲ. ಆದರೂ ಮರ್ಯಾದೆ ತುಂಬಿಕೊಡಬೇಕಲ್ಲ! ಎರಡು ಬುಟ್ಟಿ ತುಂಬಿ, ಯಾರಿಗೂ ಕಾಣದಂತೆ ಹಿತ್ತಿಲ ದಾರಿಯಲ್ಲಿ ಹೊತ್ತುಕೊಂಡು ಹೋದೆ. ಪಾದ್ರಿಗಳ ಮನೆಯ ಮೂರನೆಯ ಮೆಟ್ಟಿಲ ಮೇಲೆ ಕಾಲಿಟ್ಟೆ. ಕೆಂಪು ಕಣ್ಣು ತೆರೆಯಿತು. ಅದು ಇಡೀ ಊರಿಗೆ ಕೇಳುವಂತೆ ಕೇಳಿತು:

"ಲಾಂಗಿ, ಊಟ ತಂದ್ಯಾ, ಇಲ್ಲ ಊಟಕ್ಕೆ ಬಂದ್ಯಾ?"