ಮಾವನವರ ಹದಿನಾಲ್ಕಡಿ ಗಾಳದ ಕೋಲು

ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ, ಎಪ್ಪತ್ತು ದಾಟಿದ ಬಾಳಿನಲ್ಲಿ ಒಂದೇ ಒಂದು ಮೀನನ್ನೂ ಬಾಯಿಗಿಟ್ಟವರಲ್ಲ. ಆದರೆ ತೇರಣಾ ನದಿಯಲ್ಲಿ ಅವರ ಮುಖವನ್ನು ಹತ್ತಿರದಿಂದ ನೋಡದ ಮೀನು ಬಹುಶಃ ಒಂದೂ ಉಳಿದಿರಲಾರದು! ಹಿಡಿಯುತ್ತಾರೆ, ಬಾಯಿಂದ ಮೆಲ್ಲಗೆ ಗಾಳ ಬಿಡಿಸುತ್ತಾರೆ, ಕನ್ನಡಕ ಏರಿಸಿಕೊಂಡು ಅದರ ಮುಖ ನೋಡುತ್ತಾರೆ, ತಿರುಗಿ ನೀರಿಗೆ ಬಿಡುತ್ತಾರೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಗಾಳ. ಇಂಥ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಭಾಲ್ಕಿಯಿಂದ ಗಡಿಯಾಚೆ ಮರಾಠಿ ಸೀಮೆಯ ನಿಲಂಗಾಕ್ಕೆ ಸೊಸೆಯಾಗಿ ಬರುವವರೆಗೆ ಕಂಡಿರಲಿಲ್ಲ.

ಅತ್ತೆ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಒಂದು ಪ್ರಶ್ನೆ ಕೇಳುತ್ತಿದ್ದರು.

"ತಿನ್ನಂಗಿಲ್ಲ, ಮಾರಂಗಿಲ್ಲ. ಮತ್ತ ಆ ಮೂಕ ಜೀವಕ್ಕ ಯಾಕ ತ್ರಾಸ ಕೊಡ್ತೀರಿ?"

"ತ್ರಾಸ ಎಲ್ಲಿ ಕೊಡ್ತೀನಿ? ಮಾತಾಡ್ಸಿ ಬಿಟ್ಟ ಬರ್ತೀನಿ."

"ಮನ್ಯಾಗ ನಾ ಅದೀನಲ್ಲ, ನನ್ನ ಕೂಡ ಮಾತಾಡ್ರಿ!"

"ನಿನ್ನ ಗಾಳ ನನ್ನ ಬಾಯಾಗ ಸಿಕ್ಕು ನಲವತ್ತ ವರ್ಷ ಆಯ್ತು. ಬಾಯಿ ತೆರೀಲಿಕ್ಕ ಎಲ್ಲಿ ಬರ್ತದ?"

ಮೀನು ಹಿಡಿಯುವುದು ಹಾಗಿರಲಿ. ಅದರಲ್ಲಿ ಏನೂ ಕಷ್ಟವಿಲ್ಲ, ಕೂತರಾಯಿತು. ಕಷ್ಟವಿದ್ದದ್ದು ಕೋಲುಗಳನ್ನು ನೀರಿನ ತನಕ ಒಯ್ಯುವುದರಲ್ಲಿ, ಆಮೇಲೆ ತಿರುಗಿ ಮನೆಗೆ ತರುವುದರಲ್ಲಿ. ಎರಡು ಬಿದಿರಿನ ಕೋಲು, ಒಂದೊಂದೂ ಹದಿನಾಲ್ಕು ಅಡಿ! ಬುಡ ಹೆಬ್ಬೆರಳಿಗಿಂತ ದಪ್ಪ, ತುದಿ ಊದುಕಡ್ಡಿಯಷ್ಟು ಸಣ್ಣ. ಪೇಟೆಯಲ್ಲಿ ಮಡಚುವ ಕೋಲು ಸಿಗುತ್ತದೆ, ಚೀಲದಲ್ಲಿ ಹಾಕಿಕೊಂಡು ಹೋಗಬಹುದು ಎಂದು ನನ್ನ ಗಂಡ ಎಷ್ಟೋ ಸಲ ಹೇಳಿದ್ದರು. "ಮಡಚುವಂಥಾದ್ದು ಛತ್ರಿ. ಕೋಲ ಅಲ್ಲ" ಎಂದು ಮಾವನವರು ವಿಷಯ ಮುಗಿಸಿದರು. ಮೂವತ್ತು ವರ್ಷ ಗಣಿತ ಕಲಿಸಿದ ಮಾಸ್ತರರು. ಅವರು ಉತ್ತರ ಬರೆದ ಮೇಲೆ ಅಳಿಸುವ ಧೈರ್ಯ ಯಾರಿಗಿದೆ?

ಈ ಹುಚ್ಚು ಹತ್ತಿದ್ದು ಈ ಸೀಮೆಯನ್ನು ಕೆಡವಿದ ದೊಡ್ಡ ಭೂಕಂಪದ ನಂತರವಂತೆ. ಮಣ್ಣು ಕಲ್ಲಿನ ಹಳೆಯ ಮನೆ ಬಿರುಕು ಬಿಟ್ಟು, ಮನೆಯವರೆಲ್ಲ ತಿಂಗಳುಗಟ್ಟಲೆ ತಗಡಿನ ಚಪ್ಪರದಲ್ಲಿ ಇದ್ದಾಗ, ಮಾವನವರಿಗೆ ಲಾರಿ ಹೋದರೂ ಎದೆ ನಡುಗುತ್ತಿತ್ತು. ಹಗಲು ಹೊತ್ತು ನದಿಯ ದಂಡೆಗೆ ಹೋಗಿ ಕೂಡತೊಡಗಿದರು. ಅಲ್ಲೊಬ್ಬ ಮೀನುಗಾರ ತನ್ನ ಕೋಲು ಅವರ ಕೈಗೆ ಕೊಟ್ಟ. "ನೆಲ ಅಲುಗಿದ್ರ ಅಂಜಿಕಿ ಆಗ್ತದವ್ವಾ. ನೀರ ಅಲುಗಿದ್ರ ಏನೂ ಅನಸಂಗಿಲ್ಲ" ಎಂದು ನನಗೊಮ್ಮೆ ಹೇಳಿದ್ದರು. ಅಷ್ಟು ಹೇಳಿ, ಎರೆಹುಳುವಿನ ಡಬ್ಬಿ ಹಿಡಿಯಲು ನನಗೆ ಕೊಟ್ಟರು!

ಆಮೇಲೆ ಕಟ್ಟಿದ ಹೊಸ ಮನೆಯಲ್ಲಿ ಹದಿನಾಲ್ಕು ಅಡಿ ಉದ್ದದ ಕೋಣೆಯೇ ಇರಲಿಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ. ಮೀನು ಮುಟ್ಟಿದ ವಸ್ತು ಹೊಸ್ತಿಲು ದಾಟಬಾರದೆಂದು ಅತ್ತೆಯ ಕಟ್ಟಪ್ಪಣೆ. ಸಂಜೆ ಮಾವನವರನ್ನೇ ಹಿತ್ತಲಲ್ಲಿ ಎರಡು ಕೊಡ ನೀರು ಹಾಕಿಸಿ ಒಳಗೆ ಬಿಡುತ್ತಿದ್ದರು, ಇನ್ನು ಕೋಲಿನ ಮಾತೆಲ್ಲಿ! ಹೊರಗೋಡೆಗೆ ಮೂರು ಗೂಟ ಹೊಡೆದು ಅದರ ಮೇಲೆ ಇಡುವುದೆಂದು ತೀರ್ಮಾನವಾಯಿತು. ಗೋಡೆ ಹನ್ನೊಂದು ಅಡಿ. ಉಳಿದ ಮೂರು ಅಡಿ ಪಕ್ಕದ ಮನೆಯ ಅಂಗಳಕ್ಕೆ ಚಾಚಿಕೊಂಡಿತು. ಒಂದು ದಿನ ನೋಡುತ್ತೇವೆ, ಪಕ್ಕದ ಮನೆಯಾಕೆ ಅದರ ಮೇಲೆ ಗಂಡನ ಬನಿಯನ್ ಒಣಗಲು ಹಾಕಿದ್ದಾಳೆ! ಮಾವನವರು ಓಡಿಹೋದರು.

"ಬಾಯೀ, ತುದಿ ಬಾಗ್ತದ, ತಗೀರಿ!"

"ಮಾಸ್ತರ, ನಮ್ಮ ಅಂಗಳದಾಗ ಬಂದದ್ದ ನಮ್ದ. ಹೋದ ವರ್ಷ ನಮ್ಮ ನುಗ್ಗಿ ಟೊಂಗಿ ನಿಮ್ಮ ಕಡಿ ಬಂದಾಗ ನೀವು ಇದ ಹೇಳಿದ್ರಿ!"

ಗಣಿತದ ಮಾಸ್ತರರಿಗೆ ಅಂದು ತಮ್ಮದೇ ಸೂತ್ರ ತಿರುಗಿಬಿತ್ತು.

ಮದುವೆಯಾಗಿ ಎರಡನೇ ವಾರ ಮಾವನವರು ಬಲು ಅಕ್ಕರೆಯಿಂದ ಕೇಳಿದರು, "ನಿನಗ ಸ್ಕೂಟರ್ ಬರ್ತದೇನವ್ವಾ?" ಬರುತ್ತದೆ ಎಂದೆ. ಎಷ್ಟು ಮುಂದುವರಿದ ಮನೆತನವಪ್ಪಾ, ಸೊಸೆಗೆ ಸ್ಕೂಟರ್ ಕೊಡುತ್ತಾರೆ ಎಂದು ತವರಿಗೆ ಪತ್ರವನ್ನೂ ಬರೆದೆ. ಮರುದಿನ ಗೊತ್ತಾಯಿತು, ಅವರಿಗೆ ಬೇಕಾಗಿದ್ದವಳು ಡ್ರೈವರ್! ನನ್ನ ಗಂಡ ಮೂರು ವರ್ಷದ ಹಿಂದೆಯೇ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದರು.

ಸ್ಕೂಟರಿನ ಮೇಲೆ ಹದಿನಾಲ್ಕು ಅಡಿಯ ಕೋಲು ಹೇಗೆ ಒಯ್ಯುತ್ತೀರಿ? ಅಡ್ಡ ಹಿಡಿದರೆ ರಸ್ತೆ ಬಂದ್. ನೆಟ್ಟಗೆ ನಿಲ್ಲಿಸಿದರೆ ಮೇಲೆ ಕರೆಂಟಿನ ತಂತಿ. ತುದಿ ಮುಂದೆ ಮಾಡಿದರೆ ಎದುರಿಗೆ ಬಂದವನ ಕಣ್ಣು. ಹಾಗಾಗಿ ತುದಿ ಹಿಂದೆ, ಬುಡ ಮುಂದೆ, ಮೂರು ಕಡೆ ಹಳೆಯ ಧೋತರದ ಪಟ್ಟಿಯಿಂದ ಕಟ್ಟು, ತುದಿಗೆ ಕೆಂಪು ಬಟ್ಟೆ. ಮಾವನವರು ಹಿಂದೆ ಕೂತು, ಕೋಲನ್ನು ಮಗುವಿನಂತೆ ತೋಳಿನಲ್ಲಿ ಅಪ್ಪಿಕೊಂಡು, ಪ್ರತಿ ತಿರುವಿನಲ್ಲೂ ಪಾಠ ಹೇಳುತ್ತಿದ್ದರು: "ತ್ರಿಜ್ಯ ದೊಡ್ಡದ ತಗೋ ಅವ್ವಾ, ತ್ರಿಜ್ಯ ದೊಡ್ಡದ ತಗೋ!" ನಾನು ತ್ರಿಜ್ಯ ದೊಡ್ಡದು ತೆಗೆದುಕೊಂಡು ಎರಡು ಸಲ ಚಹಾದ ಅಂಗಡಿಯೊಳಗೇ ಹೋಗಿದ್ದೇನೆ.

ಒಮ್ಮೆ ಉಮರ್ಗಾದ ಕಡೆ ಹೊರಟಿದ್ದೆವು. ಗುಂಜೋಟಿಯ ಹತ್ತಿರ ನೀರು ಕುಡಿಯಲು ನಿಂತಾಗ ಎದುರಿನ ಮನೆಯಿಂದ ಒಬ್ಬ ಮುದುಕಿ ಬಂದಳು. ಬಟ್ಟೆ ಸುತ್ತಿದ ಉದ್ದನೆಯ ಕೋಲು, ತುದಿಗೆ ಕೆಂಪು ವಸ್ತ್ರ, ಪಕ್ಕದಲ್ಲಿ ಹಣೆ ತುಂಬ ವಿಭೂತಿ ಧರಿಸಿದ ಹಿರಿಯರು. ಆಕೆ ಏನೆಂದುಕೊಂಡಾಳು? "ನಂದಿಕೋಲ ಬಂದದೇನ್ರಿ ಅಪ್ಪಾ!" ಎಂದು ಚಪ್ಪಲಿ ಕಳಚಿ ಕೈಮುಗಿದಳು. ನಾವು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಓಡಿ ತೆಂಗಿನಕಾಯಿ ತಂದು ಸ್ಕೂಟರಿನ ಮುಂದೆ ಒಡೆದೂ ಬಿಟ್ಟಳು! ಮಾವನವರ ಮುಖ ನೋಡಬೇಕಿತ್ತು. ಕಾಯಿ ಹೋಳನ್ನು ಕಣ್ಣಿಗೊತ್ತಿಕೊಂಡು ಸುಮ್ಮನೆ ಹತ್ತಿ ಕೂತರು. ಒಂದು ಹರದಾರಿ ಹೋದ ಮೇಲೆ ಹಿಂದಿನಿಂದ ಸಣ್ಣ ದನಿ ಬಂತು.

"ನಾ ಸುಳ್ಳ ಹೇಳಿಲ್ಲವ್ವಾ. ಆಕಿ ಕೇಳಿದ್ದಕ್ಕ ಉತ್ತರ ಕೊಟ್ಟಿಲ್ಲ, ಅಷ್ಟ."

"ಶಾಲಿಯಾಗ ಹುಡುಗರು ಉತ್ತರ ಕೊಡದಿದ್ರ ಏನ್ ಮಾಡ್ತಿದ್ರಿ ಮಾವಾ?"

"ಶೂನ್ಯ ಹಾಕ್ತಿದ್ದೆ" ಎಂದರು. ಅಂದು ಗಾಳ ಹಾಕಲಿಲ್ಲ. ದಂಡೆಯಲ್ಲಿ ಕೂತು ಕಾಯಿಯನ್ನು ಚೂರು ಚೂರು ಮಾಡಿ ಮೀನುಗಳಿಗೆಲ್ಲ ಪ್ರಸಾದ ಹಂಚಿ ಬಂದರು.

ಇನ್ನು ಬಸ್ಸಿನ ಪ್ರಯಾಣದ್ದೇ ಒಂದು ಪುರಾಣ. ಕೋಲು ಡ್ರೈವರನ ಬೆನ್ನಿನಿಂದ ಅರ್ಧ ಬಸ್ಸಿನ ತನಕ ನಡುವಿನ ದಾರಿಯಲ್ಲಿ ಮಲಗುತ್ತಿತ್ತು. ಜನ ಲಂಗಡಿ ಆಡಿದಂತೆ ಒಂಟಿ ಕಾಲಲ್ಲಿ ಕುಪ್ಪಳಿಸಿ ಇಳಿಯುತ್ತಿದ್ದರು. ಕಂಡಕ್ಟರ್ ಒಮ್ಮೆ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಮಾಸ್ತರ, ಹೇ ಕಾಯ್, ಏನಿದು? ಇದಕ್ಕ ಪೂರಾ ತಿಕೀಟ ಕೊಡ್ಲೋ ಅರ್ಧಾ?"

"ಅರ್ಧಾ ಕೊಡಪಾ. ಇನ್ನಾ ಹನ್ನೆರಡ ವರ್ಷ ತುಂಬಿಲ್ಲ ಅದಕ್ಕ!"

ಬಸ್ಸೆಲ್ಲ ನಕ್ಕಿತು. ಆದರೆ ಅದೇ ದಿನ ಉಮರ್ಗಾ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಆದದ್ದು ನಗುವ ವಿಷಯವಾಗಿರಲಿಲ್ಲ, ಅಂದರೆ ನಮಗೆ. ದಾರಿಯಲ್ಲಿ ದಾರದ ಸುತ್ತು ಬಿಚ್ಚಿ ಗಾಳ ಹೊರಗೆ ಬಂದದ್ದು ಗೊತ್ತಾಗಲಿಲ್ಲ. ಮದುವೆಗೆ ಬಂದ ಬೀಗರೊಬ್ಬರು ಗುಲಾಬಿ ಪೇಟಾ ಸುತ್ತಿಕೊಂಡು ಗಂಭೀರವಾಗಿ ನಿಂತಿದ್ದರು. ಮಾವನವರು ಕೋಲು ಹೆಗಲ ಮೇಲಿಟ್ಟು ಸರ್ರನೆ ತಿರುಗಿದರು. ಗಾಳಕ್ಕೆ ಸಿಕ್ಕ ಪೇಟಾ ಗಾಳಿಯಲ್ಲಿ ಹಾರಿತು! ಬೀಗರು ಎರಡೂ ಕೈಯಿಂದ ಬೋಳುತಲೆ ಹಿಡಿದುಕೊಂಡು "ಕೋಣ್ ಆಹೇ ರೇ, ಯಾರವನು!" ಎಂದು ಕೂಗಿದರು. ಮಾವನವರು ಗಾಬರಿಯಿಂದ ಆ ಕಡೆ ತಿರುಗಿದರೆ ಪೇಟಾ ಈ ಕಡೆ, ಈ ಕಡೆ ತಿರುಗಿದರೆ ಪೇಟಾ ಆ ಕಡೆ. ಮದುವೆಯ ವಾಜಂತ್ರಿಯವರು ಇದೂ ಶಾಸ್ತ್ರವಿರಬೇಕೆಂದು ತಿಳಿದು ಡೋಲು ಶುರು ಮಾಡಿದರು! ನನ್ನ ಲೆಕ್ಕದಲ್ಲಿ ಮಾವನವರು ಇದುವರೆಗೆ ಹಿಡಿದದ್ದರಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಅದನ್ನೂ ಕೈಮುಗಿದು ತಿರುಗಿ ಕೊಟ್ಟುಬಿಟ್ಟರು.

ಆಮೇಲೆ ಸುರಕ್ಷತೆಯ ಕ್ರಮವೆಂದು ಹೊಲಕ್ಕೆ ತಂದಿದ್ದ ಪ್ಲಾಸ್ಟಿಕ್ ಪೈಪಿನೊಳಗೆ ಕೋಲುಗಳನ್ನು ತೂರಿಸಿ, ಎರಡೂ ಬಾಯಿಗೆ ಚಿಂದಿ ತುರುಕಿ ಒಯ್ಯತೊಡಗಿದರು. ಈಗ ಯಾರ ಪೇಟಾಕ್ಕೂ ಅಪಾಯವಿಲ್ಲ. ಆದರೆ ದಾರಿಯಲ್ಲಿ ಸಿಕ್ಕವರದೆಲ್ಲ ಒಂದೇ ಪ್ರಶ್ನೆ: "ಬೋರ್ ಹೊಡಿಸಿದ್ರೇನ್ರಿ ಮಾಸ್ತರ? ನೀರ ಎಷ್ಟ ಇಂಚ್ ಬಿತ್ತು?" ಹತ್ತು ಸಲ ವಿವರಿಸಿ ಸೋತು, ಕೊನೆಗೆ "ನೀರ ಇನ್ನ ಆರ ಮೈಲ ಅದರಿ" ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಕೇಳಿದವರು ಆರು ಮೈಲು ಆಳಕ್ಕೆ ಕೊರೆಸುವ ಮಾಸ್ತರರ ಛಲಕ್ಕೆ ಬೆರಗಾಗುತ್ತಿದ್ದರು! ಪೈಪು ಬಹಳ ದಿನ ಬಾಳಲಿಲ್ಲ. ಒಳಗೆ ಬಿದಿರು ಬೆವೆತು ಬೂಸಲು ಹಿಡಿಯುತ್ತದೆಂದು ಅವರೇ ಕೈಬಿಟ್ಟರು.

ಹೀಗೆ ನಗುನಗುತ್ತಲೇ ವರ್ಷಗಳು ಕಳೆಯುತ್ತಿದ್ದವು. ಹೋದ ಚಳಿಗಾಲ ನಾವಿಬ್ಬರೂ ದೇವಣಿಯ ಆಚೆ ಮಾಂಜ್ರಾ ನದಿಯ ದಂಡೆಗೆ ಹೋಗಿದ್ದೆವು. ಮಧ್ಯಾಹ್ನದ ಹೊತ್ತಿಗೆ ಮಾವನವರು ತಲೆ ಹಿಡಿದುಕೊಂಡು, "ಯಾಕೋ ನೆಲ ಅಲುಗಿದಂಗ ಆಗ್ತದವ್ವಾ" ಎಂದು ಪಕ್ಕಕ್ಕೆ ವಾಲಿದರು. ನೆಲ ಅಲುಗಿರಲಿಲ್ಲ. ನಾನು ಕೂಗುತ್ತ ರಸ್ತೆಗೆ ಓಡಿದೆ. ಉದಗೀರದ ಸಂತೆಗೆ ಹೊರಟಿದ್ದ ಜೀಪೊಂದು ನಿಂತಿತು. ಜನರೇ ಎತ್ತಿ ಕೂರಿಸಿದರು. ಕೋಲು, ಡಬ್ಬಿ, ಸ್ಕೂಟರ್ ಎಲ್ಲವೂ ದಂಡೆಯಲ್ಲೇ ಉಳಿದವು. ಯಾರಿಗೆ ನೆನಪು?

ಯಾರಿಗೆ ಅಂದರೆ ಅವರಿಗೇ! ಉದಗೀರದ ಆಸ್ಪತ್ರೆಯಲ್ಲಿ, ಮೊದಲ ಮಹಡಿಯ ಕಿಟಕಿ ಪಕ್ಕದ ಮಂಚದ ಮೇಲೆ, ಮೂಗಿನಲ್ಲಿ ನಳಿಗೆ, ಕೈಯಲ್ಲಿ ಸಲಾಯಿನ್. ಮರುದಿನ ಕಣ್ಣು ತೆರೆದು ಹೇಳಿದ ಮೊದಲ ಮಾತು, "ಕೋಲ ಬಿಸಿಲಾಗ ಅದಾವ. ಸೀಳ್ತಾವ."

ನಿಲಂಗಾದಿಂದ ನನ್ನ ಗಂಡನ ಜೊತೆ ಬಂದಿದ್ದ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವರು ಕಿಡಿಯಾದರು. "ನಿಮ್ಮ ಜೀವ ಹೋಗಿ ಬಂದದ, ಕೋಲಿನ ಚಿಂತಿ ನಿಮಗ! ಹಾಳಾಗಿ ಹೋಗ್ಲಿ ಅವು!" ಮಾವನವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಲಕ್ವಾ ಹೊಡೆದಿದೆ, ಬಲಗೈಯಲ್ಲಿ ಬಲವಿಲ್ಲ, ನೋಡಬೇಕು ಎಂದು ಡಾಕ್ಟರು ಹೇಳಿ ಹೋಗಿದ್ದರು. ಗಂಜಿಯ ಚಮಚವೂ ಆ ಕೈಯಿಂದ ಜಾರಿ ಬಿತ್ತು. ಆಮೇಲೆ ಅವರು ಗಂಜಿಯ ಬಟ್ಟಲನ್ನು ಎಡಗೈಯಿಂದ ದೂರ ಸರಿಸಿಬಿಟ್ಟರು.

ಅದರ ಮರುದಿನ ಬೆಳಿಗ್ಗೆ ಅತ್ತೆ ನನ್ನನ್ನು ಜೀನೆಯ ಮೆಟ್ಟಿಲ ಹತ್ತಿರ ಕರೆದು, "ಎಲ್ಲಿ ಕುಂತಿದ್ರಿ ನೀವು ಅಂದು? ಊರ ಯಾವ್ದು?" ಎಂದು ಕೇಳಿದರು. ಹೇಳಿದೆ. "ಯಾಕ್ರಿ ಅತ್ತಿ?" "ಸುಮ್ಮ ಕೇಳ್ದೆ. ಗುಡಿಗಿ ಹೋಗಿ ಬರ್ತೀನಿ." ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಗುಡಿಯಲ್ಲಿ ಹುಡುಕಿದೆವು, ಇಲ್ಲ. ನನ್ನ ಗಂಡ ಬಸ್ ನಿಲ್ದಾಣಕ್ಕೆ ಓಡಿದರು. ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತೆ.

ನಾಲ್ಕು ಗಂಟೆಗೆ ದೇವಣಿಯ ಬಸ್ಸು ಆಸ್ಪತ್ರೆಯ ಎದುರಿಗೇ ನಿಂತಿತು. ಮೊದಲು ಹೊರಗೆ ಬಂದದ್ದು ಬಿದಿರಿನ ಬುಡ. ಆಮೇಲೆ ಮತ್ತಷ್ಟು ಬಿದಿರು. ಆಮೇಲೆ ಅದನ್ನು ಎರಡೂ ಕೈಯಿಂದ ಎದೆಗವಚಿಕೊಂಡ ನಮ್ಮ ಅತ್ತೆ! ತುದಿಗಳಿಗೆ ತಮ್ಮ ಇಳಕಲ್ ಸೀರೆಯ ಸೆರಗನ್ನೇ ಹರಿದು ಸುತ್ತಿದ್ದರು. ಕಂಡಕ್ಟರ್ ಹಿಂದೆಯೇ ಇಳಿದು ನನ್ನ ಮುಂದೆ ದೂರಿದ: "ಕಿತಿ ಸಾಂಗಿತಲಾ, ಆಜೀ ಬಸಾ, ಅಜ್ಜಿ ಕೂಡ್ರಿ ಅಂತ ಎಷ್ಟ ಹೇಳಿದೆ! ಅಲ್ಲಿಂದ ಇಲ್ಲೀತನಕ ನಿಂತಕೊಂಡ ಬಂದಾರ. ನಾ ಕುಂತ್ರ ಇವು ಬಾಗ್ತಾವ ಅಂತಾರ!"

ಕೋಲು ಒಳಗೆ ಒಯ್ಯಲು ಕಾವಲುಗಾರ ಬಿಡಲಿಲ್ಲ. ಬಿಟ್ಟಿದ್ದರೂ ಜೀನೆಯಲ್ಲಿ ತಿರುಗುತ್ತಿರಲಿಲ್ಲ. ಅತ್ತೆ ವಾದ ಮಾಡಲಿಲ್ಲ. ಕಟ್ಟಡದ ಪಕ್ಕಕ್ಕೆ ನಡೆದು, ಮೇಲಿನ ಕಿಟಕಿಗಳನ್ನು ಒಂದೊಂದಾಗಿ ಎಣಿಸಿ, ಮೂರನೆಯದರ ಕೆಳಗೆ ನಿಂತು, ಒಂದು ಕೋಲನ್ನು ಸಾವಕಾಶ ಮೇಲಕ್ಕೆತ್ತಿದರು. ಜೀವನದಲ್ಲಿ ಅವರು ಗಾಳದ ಕೋಲು ಮುಟ್ಟಿದ್ದೇ ಅಂದು ಮೊದಲ ಸಲ. ಸೀರೆಯ ಚೂರು ಸುತ್ತಿದ ತುದಿ ಕಿಟಕಿಯ ಸರಳಿಗೆ ಟಕಟಕ ತಾಗಿತು.

ಅತ್ತೆ ಇನ್ನೊಮ್ಮೆ ತಟ್ಟಿದರು. ಆಮೇಲೆ ಸರಳಿನ ನಡುವಿನಿಂದ ಒಂದು ಕೈ ಹೊರಗೆ ಬಂತು. ಬಲಗೈ. ಹುಡುಕುತ್ತ ಹುಡುಕುತ್ತ ತುದಿಯನ್ನು ಹಿಡಿಯಿತು.

ಅತ್ತೆ ಮೇಲೆ ನೋಡುತ್ತಿದ್ದವರು ಒಮ್ಮೆಲೇ ನನ್ನ ಕಡೆ ತಿರುಗಿದರು. ಕಣ್ಣು ತುಂಬಿ ಬಂದಿತ್ತು.

"ಜಗ್ಗಲಿಕತ್ತಾರ ನೋಡ!" ಎಂದರು. "ಬಲ ಅದವ್ವಾ ಕೈಯಾಗ, ಬಲ ಅದ!"